ಹರಿಸರ್ವೋತ್ತಮತ್ವವೂ ಪ್ರಜಾಪ್ರಭುತ್ವವೂ

॥ ಶ್ರೀಗುರುಭ್ಯೋ ನಮಃ ॥ ಹರಿಃ ಓಂ ॥

ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದ ಚೇತನಾಚೇತನ ಪ್ರಪಂಚವೆಲ್ಲವೂ ಅವನ ಅಧೀನವೆಂಬುದು ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಸಿದ್ಧಾಂತದ ಜೀವಾಳ. ‘ತತ್ತ್ವಸಂಖ್ಯಾನ’ವೆಂಬ ಕಿರು ಪ್ರಕರಣ ಗ್ರಂಥವನ್ನು ಅವರು ಆರಂಭಿಸುವುದೇ ಈ ಸ್ವತಂತ್ರ-ಅಸ್ವತಂತ್ರ ವಿಭಾಗದಿಂದ. ಅಸ್ವತಂತ್ರರಾದ ಜೀವರೊಳಗೂ ಒಬ್ಬರು ಮತ್ತೊಬ್ಬರಂತಿಲ್ಲ. ಬ್ರಹ್ಮ-ವಾಯುಗಳು ಮೊದಲ್ಗೊಂಡು ಮನುಷ್ಯೋತ್ತಮರವರೆಗೆ ಜ್ಞಾನ, ಭಕ್ತಿ, ಆನಂದಗಳಲ್ಲಿ ತಾರತಮ್ಯವುಂಟು. ಮೋಕ್ಷದಲ್ಲಿಯೂ ಅದು ಅಳಿಯುವುದಿಲ್ಲ. ನಮ್ಮ ಮನೆಗಳ ಮಕ್ಕಳು ಇದನ್ನು ಅಕ್ಷರಾಭ್ಯಾಸದ ಜೊತೆಯಲ್ಲಿಯೇ ಕೇಳಿ ಬೆಳೆಯುತ್ತಾರೆ.

ಅದೇ ಮಕ್ಕಳು ಶಾಲೆಯಲ್ಲಿ ಬೇರೊಂದು ಪಾಠವನ್ನು ಓದುತ್ತಾರೆ. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆಗಳ ಅರ್ಹತೆಯುಳ್ಳವರಿಗೆ ಮಾತ್ರ ಮೀಸಲಾಗಿದ್ದ ಮತದ ಹಕ್ಕು, ೧೯೫೦ರ ಜನವರಿ ೨೬ರಂದು ಪೂರ್ಣವಾಗಿ ಜಾರಿಗೆ ಬಂದ ಸಂವಿಧಾನದಿಂದ ೨೧ ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ ದೊರೆಯಿತು. ೧೯೮೯ರಲ್ಲಿ ಆ ವಯಸ್ಸು ೧೮ಕ್ಕೆ ಇಳಿಯಿತು. ೧೯೫೧–೫೨ರ ಮೊದಲ ಮಹಾಚುನಾವಣೆಯಿಂದ ಇಂದಿನವರೆಗೆ ಸುಧಾಮಂಗಳ ಮಾಡಿದ ಪಂಡಿತರೂ ರಥಬೀದಿಯನ್ನು ಗುಡಿಸುವ ತಾಯಿಯೂ ಒಂದೇ ಸಾಲಿನಲ್ಲಿ ನಿಂತು ಒಂದೊಂದೇ ಮತವನ್ನು ಹಾಕಿ ಬರುತ್ತಾರೆ.

ಹೀಗಿರಲು ವಿಚಾರವಂತರಾದ ತರುಣರು ಕೇಳುವ ಪ್ರಶ್ನೆಯೊಂದಿದೆ. ಜೀವರು ಸಮಾನರಲ್ಲವೆಂದು ದೇವರ ಮನೆಯಲ್ಲಿ ಹೇಳಿ, ಸಮಾನರೆಂದು ಮತಗಟ್ಟೆಯಲ್ಲಿ ಒಪ್ಪುವುದು ಹೇಗೆ? ಜಗತ್ತಿಗೆ ಹರಿಯೇ ಒಡೆಯನೆಂದು ನಂಬಿದವರು ಪ್ರಜೆಗಳೇ ಪ್ರಭುಗಳೆಂಬ ಮಾತನ್ನು ಹೇಗೆ ಒಪ್ಪಬೇಕು? ಇದನ್ನು ಕೇಳಿದ ಕೆಲವು ಹಿರಿಯರು “ಕಲಿಕಾಲ, ಸಹಿಸಿಕೊಂಡಿರಬೇಕು” ಎಂದು ಮಾತು ಮುಗಿಸುತ್ತಾರೆ. ಮತ್ತೆ ಕೆಲವು ನವೀನರು “ತಾರತಮ್ಯವೆಂಬುದು ಹಳೆಯ ಕಾಲದ ಮಾತು, ಬಿಟ್ಟುಬಿಡಿ” ಎನ್ನುತ್ತಾರೆ. ಮೊದಲನೆಯ ಉತ್ತರದಲ್ಲಿ ನಮ್ಮ ಪೌರಧರ್ಮಕ್ಕೂ ಎರಡನೆಯದರಲ್ಲಿ ನಮ್ಮ ಸಿದ್ಧಾಂತಕ್ಕೂ ಹಾನಿಯಿದೆ. ಈ ಎರಡೂ ಹಾನಿಗಳಿಲ್ಲದ ಸಮಾಧಾನವು ನಮ್ಮ ಸಿದ್ಧಾಂತದೊಳಗೇ ಇದೆಯೆಂಬುದನ್ನು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮತಕ್ಕೆ ಬಂದ ದೇವರ ನಾಮ

ಈ ವಿಚಾರವನ್ನು ಪ್ರವೇಶಿಸಲು ಸಂವಿಧಾನ ರಚನಾ ಸಭೆಯಲ್ಲಿ ನಡೆದ ಒಂದು ಪ್ರಸಂಗವು ತುಂಬ ಉಪಯುಕ್ತವಾಗಿದೆ. ೧೯೪೯ರ ಅಕ್ಟೋಬರ್ ೧೭ರಂದು ಸಂವಿಧಾನದ ಪ್ರಸ್ತಾವನೆಯು ಚರ್ಚೆಗೆ ಬಂದಿತು. ಮಂಗಳೂರಿನಲ್ಲಿ ಜನಿಸಿ, ಐ.ಸಿ.ಎಸ್. ಪದವಿಯನ್ನು ತ್ಯಜಿಸಿ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದಿದ್ದ ಹರಿ ವಿಷ್ಣು ಕಾಮತರು, ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಲೆಂದು ತಿದ್ದುಪಡಿಯೊಂದನ್ನು ಮಂಡಿಸಿದರು. ದೇವರ ನಾಮವನ್ನು ಮತಕ್ಕೆ ಹಾಕುವ ಸಂಕಟಕ್ಕೆ ತಮ್ಮನ್ನು ಗುರಿಮಾಡಬಾರದೆಂದು ಪೂರ್ಣಿಮಾ ಬ್ಯಾನರ್ಜಿಯವರು ಅವರನ್ನು ಬೇಡಿಕೊಂಡರು. ನಂಬಿಕೆಯ ಮತ್ತು ಆರಾಧನೆಯ ಸ್ವಾತಂತ್ರ್ಯವನ್ನು ಸಾರುವ ಪ್ರಸ್ತಾವನೆಯೇ ಹೃದಯದ ಅತ್ಯಂತ ಪವಿತ್ರ ಭಾವನೆಯೊಂದನ್ನು ಎಲ್ಲರ ಮೇಲೆ ಹೇರುವುದು ಯುಕ್ತವಲ್ಲವೆಂದು ಹೃದಯನಾಥ ಕುಂಜ್ರೂ ಅವರು ವಾದಿಸಿದರು. ಕಾಮತರು ಹಿಂಜರಿಯಲಿಲ್ಲ. ಕೊನೆಗೆ ಮತಗಳನ್ನು ಎಣಿಸಿದಾಗ ಪರವಾಗಿ ೪೧, ವಿರುದ್ಧವಾಗಿ ೬೮ ಮತಗಳು ಬಂದವು. ತಿದ್ದುಪಡಿಯು ಬಿದ್ದುಹೋಯಿತು.

ಆಸ್ತಿಕರಾದವರಿಗೆ ಇದನ್ನು ಓದುವಾಗ ಮನಸ್ಸಿಗೆ ನೋವಾಗುವುದು ಸಹಜ. ಆದರೆ ನಾವು ಸ್ವಲ್ಪ ವಿಚಾರ ಮಾಡಬೇಕು. ಎಣಿಕೆಯು ತಿರುಗುಮುರುಗಾಗಿ ೬೮ ಮಂದಿ ಪರವಾಗಿ ನಿಂತಿದ್ದರೆ ಶ್ರೀಹರಿಯ ಸ್ವಾತಂತ್ರ್ಯಕ್ಕೆ ಏನಾದರೂ ಅಧಿಕವಾಗುತ್ತಿತ್ತೇ? ೪೧ ಮಂದಿಯೇ ನಿಂತದ್ದರಿಂದ ಏನಾದರೂ ನ್ಯೂನವಾಯಿತೇ? ಇತರರ ಸಮ್ಮತಿಯಿಂದ ಸಿದ್ಧವಾಗುವ ಒಡೆತನವು ಸ್ವಾತಂತ್ರ್ಯವೇ ಅಲ್ಲ. ಸೋತದ್ದು ಒಂದು ವಾಕ್ಯರಚನೆಯೇ ಹೊರತು ದೇವರಲ್ಲ. ಇಷ್ಟಕ್ಕೂ ಆ ಸಂವಿಧಾನವು ಆಸ್ತಿಕ್ಯವನ್ನು ಹೊರಗೆ ನೂಕಲಿಲ್ಲ. ಅದರ ಮೂರನೆಯ ಅನುಸೂಚಿಯ ಪ್ರಕಾರ ಮಂತ್ರಿಯಾಗುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಹಾಗೆ ಮಾಡಲೊಲ್ಲದವನು ಸತ್ಯನಿಷ್ಠೆಯಿಂದ ಪ್ರತಿಜ್ಞೆ ಸ್ವೀಕರಿಸಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ರಾಜ್ಯವು ದೇವರ ಹೆಸರನ್ನು ತನ್ನ ಹಣೆಯ ಮೇಲೆ ಬರೆದುಕೊಂಡಾಗ, ಅದನ್ನು ಆಳುವವರು ತಮ್ಮ ಮಾತೇ ದೇವರ ಮಾತೆಂದು ಹೇಳಿಕೊಳ್ಳುವ ಅಪಾಯ ಹುಟ್ಟುತ್ತದೆ. ಸರ್ವಕರ್ತೃತ್ವವು ಶ್ರೀಹರಿಯದೆಂದು ಒಪ್ಪುವುದು ಬೇರೆ; ಗದ್ದುಗೆಯಲ್ಲಿ ಕುಳಿತ ಒಬ್ಬ ಮನುಷ್ಯನನ್ನು ಆತನ ವಕ್ತಾರನೆಂದು ಒಪ್ಪುವುದು ಬೇರೆ. ಈ ಎರಡನ್ನು ಬೆರೆಸದಿರುವುದು ಭೇದವಾದಿಗಳಾದ ನಮಗೆ ಕಷ್ಟವಾಗಬಾರದು.

ಯೋಗ್ಯತೆ ಬೇರೆ, ಅಧಿಕಾರ ಬೇರೆ

ಇನ್ನು ಪ್ರಧಾನವಾದ ಪ್ರಶ್ನೆಗೆ ಬರೋಣ. ತಾರತಮ್ಯವನ್ನು ಒಪ್ಪಿದವರು, ಉತ್ತಮನಾದವನೇ ಆಳಬೇಕು, ಅಧಮನಾದವನು ಆಳಿಸಿಕೊಳ್ಳಬೇಕು ಎಂದು ಒಪ್ಪಿದಂತೆಯೇ? ನಮ್ಮ ಇತಿಹಾಸ ಪುರಾಣಗಳು ಇದಕ್ಕೆ ಕೊಡುವ ಉತ್ತರವು ಆಶ್ಚರ್ಯಕರವಾಗಿದೆ.

ಪಾಂಡವರನ್ನು ನೋಡಿರಿ. ನಮ್ಮ ಸಿದ್ಧಾಂತದಂತೆ ಭೀಮಸೇನದೇವರು ಸಾಕ್ಷಾತ್ ವಾಯುದೇವರ ಅವತಾರ, ಜೀವೋತ್ತಮರು. ಧರ್ಮರಾಜನು ಯಮಧರ್ಮನ ಅವತಾರ. ತಾರತಮ್ಯದಲ್ಲಿ ಇವರಿಬ್ಬರ ನಡುವೆ ಎಷ್ಟು ಅಂತರ! ಆದರೆ ಇಂದ್ರಪ್ರಸ್ಥದ ಸಿಂಹಾಸನದಲ್ಲಿ ಕುಳಿತವನು ಧರ್ಮರಾಜ. ಜ್ಯೇಷ್ಠನೆಂಬ ಲೋಕಮರ್ಯಾದೆಗೆ ತಲೆಬಾಗಿ ಅವನ ಆಜ್ಞೆಯನ್ನು ನಡೆಸಿದವರು ಭೀಮಸೇನದೇವರು. ಕಿಷ್ಕಿಂಧೆಯಲ್ಲಿಯೂ ಹೀಗೆಯೇ. ಅಲ್ಲಿ ರಾಜನಾದವನು ಸುಗ್ರೀವ, ಮಂತ್ರಿಯಾದವರು ಹನುಮಂತದೇವರು. ಮಧುರೆಯಲ್ಲಂತೂ ಕಂಸವಧೆಯ ಅನಂತರ ಸರ್ವೋತ್ತಮನಾದ ಶ್ರೀಕೃಷ್ಣನೇ ಸಿಂಹಾಸನವನ್ನು ಏರದೆ, ಯಯಾತಿಶಾಪದ ನೆಪವನ್ನು ಹೇಳಿ ಉಗ್ರಸೇನನಿಗೆ ಪಟ್ಟಕಟ್ಟಿ ತಾನು ಆಜ್ಞಾಧಾರಕನಂತೆ ನಿಂತನು.

ಇದರಿಂದ ಸಿದ್ಧವಾಗುವುದೇನು? ಸ್ವರೂಪದ ಉಚ್ಚ-ನೀಚಭಾವವು ಒಂದು ವ್ಯವಸ್ಥೆ. ರಾಜ್ಯದ ಅಧಿಕಾರವು ಇನ್ನೊಂದು ವ್ಯವಸ್ಥೆ. ಮೊದಲನೆಯದು ಅನಾದಿನಿತ್ಯವಾದುದು. ಎರಡನೆಯದು ಲೋಕದ ಹಿತಕ್ಕಾಗಿ ಆಯಾ ಕಾಲದಲ್ಲಿ ಒಪ್ಪಿಕೊಂಡ ಕಟ್ಟುಪಾಡು. ಒಂದು ಕಾಲದಲ್ಲಿ ಆ ಕಟ್ಟುಪಾಡು ಜ್ಯೇಷ್ಠತ್ವವಾಗಿತ್ತು. ಇಂದು ಅದು ಪ್ರಜೆಗಳ ಸಮ್ಮತಿಯಾಗಿದೆ. ತಾರತಮ್ಯಕ್ಕೆ ಆಗಲೂ ಬಾಧೆಯಾಗಲಿಲ್ಲ, ಈಗಲೂ ಆಗದು.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಯೋಗ್ಯರ ಮತಕ್ಕೂ ಅಯೋಗ್ಯರ ಮತಕ್ಕೂ ಒಂದೇ ಬೆಲೆಯೇ? ಈ ಆಕ್ಷೇಪಕ್ಕೆ ಪ್ರತಿಯಾಗಿ ನಾವು ಕೇಳಬೇಕಾದುದು: ಯೋಗ್ಯರು ಯಾರೆಂದು ಬಲ್ಲವರು ಯಾರು? ದೇವತೆಗಳ ತಾರತಮ್ಯವನ್ನು ಶಾಸ್ತ್ರವು ತಿಳಿಸಿದೆ. ಅದನ್ನು ತಿಳಿಸಿದ ಉದ್ದೇಶವಾದರೂ ಭಕ್ತಿಯು ಕ್ರಮವಾಗಿ ಹರಿಯಲೆಂದು. ಆದರೆ ನಮ್ಮ ಎದುರುಮನೆಯವನ, ನಮ್ಮ ಕೆಲಸದಾಳಿನ, ಅಷ್ಟೇಕೆ ಸ್ವತಃ ನಮ್ಮ ಸ್ವರೂಪಯೋಗ್ಯತೆ ಎಂಥದೆಂದು ಯಾವ ಶಾಸ್ತ್ರವೂ ಹೆಸರಿಟ್ಟು ಹೇಳಿಲ್ಲ. ಅದು ಬಿಂಬರೂಪಿಯಾದ ಭಗವಂತನಿಗೆ ವಿದಿತ. ಅವನ ಪ್ರಸಾದದಿಂದ ಅಪರೋಕ್ಷಜ್ಞಾನಿಗಳಿಗೆ ಗೋಚರ. ಉಳಿದವರಾದ ನಮ್ಮ ಕಣ್ಣಿಗೆ ಕಾಣುವುದು ಹುಟ್ಟು, ಹಣ, ಪದವಿ, ವೇಷ ಮೊದಲಾದವು ಮಾತ್ರ. ಇವುಗಳನ್ನೇ ಯೋಗ್ಯತೆಯೆಂದು ಭ್ರಮಿಸಿದವರಿಗೆ ದೈತ್ಯನ ಮನೆಯಲ್ಲಿ ಹುಟ್ಟಿದ ಪ್ರಹ್ಲಾದನು ಕಾಣುವುದಿಲ್ಲ. ದಾಸೀಪುತ್ರನೆನಿಸಿದ ವಿದುರನ ಮನೆಯ ಆತಿಥ್ಯವನ್ನು ಶ್ರೀಕೃಷ್ಣನು ದುರ್ಯೋಧನನ ಅರಮನೆಯ ಆತಿಥ್ಯಕ್ಕಿಂತ ಮೇಲೆಂದು ಆರಿಸಿದುದರ ಅರ್ಥವೂ ಆಗುವುದಿಲ್ಲ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಕಥೆಯು ಇಲ್ಲಿ ಸ್ಮರಣೀಯವಾಗಿದೆ. ತಾನು ಮೇಲೆಂದು ಅಕ್ಕಿಯೂ ತಾನು ಮೇಲೆಂದು ರಾಗಿಯೂ ವಾದಿಸಿದಾಗ, ಶ್ರೀರಾಮಚಂದ್ರನು ಆ ಕ್ಷಣದಲ್ಲಿ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಆಮೇಲೆ ನೋಡಿದರೆ ಅಕ್ಕಿಯು ಸತ್ತ್ವಗುಂದಿತ್ತು, ರಾಗಿಯು ಗಟ್ಟಿಯಾಗಿ ಉಳಿದಿತ್ತು. ಮೇಲು-ಕೀಳು ಇಲ್ಲವೆಂದು ಈ ಕಥೆ ಹೇಳುವುದಿಲ್ಲ. ಅದನ್ನು ನಿರ್ಣಯಿಸುವ ಅಧಿಕಾರ ವಾದಕ್ಕೆ ನಿಂತ ಧಾನ್ಯಗಳಿಗಿಲ್ಲ, ಸ್ವಾಮಿಗಿದೆ ಎಂದು ಹೇಳುತ್ತದೆ.

ಆದ್ದರಿಂದ ಮತಗಟ್ಟೆಯ ಸಮಾನತೆಯು ಜೀವರೆಲ್ಲರೂ ಸ್ವರೂಪತಃ ಸಮಾನರೆಂಬ ತತ್ತ್ವೋಪದೇಶವಲ್ಲ. ಜೀವರನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲವೆಂಬ ವಿನಯದ ಅಂಗೀಕಾರ ಅದು. ತಾರತಮ್ಯವನ್ನು ಸರಿಯಾಗಿ ತಿಳಿದವನಿಗೆ ಈ ವಿನಯವು ಸಹಜವಾಗಿ ಬರಬೇಕು. ಅಲ್ಲದೆ, ನಮ್ಮ ಮೋಕ್ಷದ ಕಲ್ಪನೆಯಲ್ಲಿಯೂ ತಂಬಿಗೆ, ಕೊಡ, ಕೆರೆ, ಸಾಗರ ಎಂಬ ವ್ಯತ್ಯಾಸವಿದ್ದರೂ ಪ್ರತಿಯೊಂದೂ ತನ್ನ ಅಂಚಿನವರೆಗೆ ತುಂಬಿರುತ್ತದೆ. ಅಲ್ಲಿ ಹೊಟ್ಟೆಕಿಚ್ಚಿಲ್ಲ, ತಿರಸ್ಕಾರವಿಲ್ಲ. ಇನ್ನೊಬ್ಬರನ್ನು ತಿರಸ್ಕರಿಸಲು ತಾರತಮ್ಯವನ್ನು ಉಪಯೋಗಿಸುವವನು ಅದನ್ನು ಮುಕ್ತರಿಂದ ಕಲಿತವನಲ್ಲ.

ಬಹುಮತದ ಎಲ್ಲೆ

ಹಾಗಾದರೆ ಬಹುಮತವು ಹೇಳಿದ್ದೆಲ್ಲ ಸತ್ಯವೇ? ಅಲ್ಲ. ತತ್ತ್ವವು ಪ್ರಮಾಣದಿಂದ ನಿರ್ಣಯವಾಗತಕ್ಕದ್ದು, ಕೈಯೆತ್ತಿಸಿ ಎಣಿಸುವುದರಿಂದಲ್ಲ. ಹಿರಣ್ಯಕಶಿಪುವಿನ ಸಭೆಯಲ್ಲಿ ಮತ ಹಾಕಿಸಿದ್ದರೆ ಪ್ರಹ್ಲಾದನಿಗೆ ಒಂದೇ ಮತ ಬೀಳುತ್ತಿತ್ತು. ದ್ರೌಪದೀದೇವಿಯು ಪ್ರಶ್ನೆ ಕೇಳಿದಾಗ ಕುರುಸಭೆಯು ತಲೆತಗ್ಗಿಸಿ ಕುಳಿತಿತ್ತು. ನ್ಯಾಯವನ್ನು ನುಡಿದವರು ವಿದುರ, ವಿಕರ್ಣರಂಥ ಒಬ್ಬಿಬ್ಬರು. ಪ್ರಜೆಗಳೂ ಅಸ್ವತಂತ್ರರೇ, ಪ್ರಜೆಗಳೂ ತಪ್ಪುವವರೇ. “ಪ್ರಜೆಗಳೇ ಪ್ರಭುಗಳು” ಎಂಬ ಮಾತನ್ನು ನಾವು ಒಪ್ಪುವುದು ಈ ದೇಶದಲ್ಲಿ ಅವರಿಗಿಂತ ಮೇಲೆ ಬೇರೊಬ್ಬ ಮನುಷ್ಯ ಪ್ರಭುವಿಲ್ಲವೆಂಬ ಅರ್ಥದಲ್ಲಿ, ದೇವರಿಲ್ಲವೆಂಬ ಅರ್ಥದಲ್ಲಲ್ಲ. ಒಬ್ಬನೇ ಉಳಿದವನ ಮಾತಿಗೂ ರಕ್ಷಣೆ ಇರಬೇಕೆಂದೇ ಸಂವಿಧಾನವು ಮೂಲಭೂತ ಹಕ್ಕುಗಳನ್ನು ಬಹುಮತದ ಕೈಗೆ ಸುಲಭವಾಗಿ ಸಿಕ್ಕದಂತೆ ಇರಿಸಿದೆ. ಪ್ರಹ್ಲಾದನ ಕಥೆಯನ್ನು ಭಕ್ತಿಯಿಂದ ಕೇಳುವವರಿಗೆ ಈ ವ್ಯವಸ್ಥೆಯ ಬೆಲೆ ತಿಳಿಯದೆ ಹೋಗದು.

ಸಟ್ಟುಗ ಹಿಡಿದ ಅಧಿಕಾರ

ಅಧಿಕಾರವನ್ನು ಹೇಗೆ ಹಿಡಿಯಬೇಕು, ಹೇಗೆ ಬಿಡಬೇಕು ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಪಾಠವಿದೆ. ಶ್ರೀಮದಾಚಾರ್ಯರು ಶ್ರೀಕೃಷ್ಣಪೂಜೆಯನ್ನು ಒಬ್ಬ ಶಿಷ್ಯರಿಗೆ ಶಾಶ್ವತವಾಗಿ ಒಪ್ಪಿಸದೆ ಎಂಟು ಯತಿಗಳಿಗೆ ಸರದಿಯಂತೆ ಒಪ್ಪಿಸಿದರು. ಎರಡೆರಡು ತಿಂಗಳ ಆ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ಶ್ರೀವಾದಿರಾಜ ಗುರುಸಾರ್ವಭೌಮರು ಎರಡೆರಡು ವರ್ಷಗಳಿಗೆ ವಿಸ್ತರಿಸಿದರು. ಎಂಟು ಮಠಗಳಿಗೂ ಅವಕಾಶ ಒಂದೇ ಸಮ. ಒಮ್ಮೆ ಪೂಜೆ ನಡೆಸಿದ ಮಠಕ್ಕೆ ಮತ್ತೆ ಸರದಿ ಬರುವುದು ೧೪ ವರ್ಷಗಳ ಅನಂತರ. ಎಷ್ಟೇ ವೈಭವದಿಂದ ಪರ್ಯಾಯ ನಡೆಸಿದವರಾದರೂ ಅವಧಿ ಮುಗಿದ ಜನವರಿ ೧೮ರ ಪ್ರಾತಃಕಾಲ ಪೀಠವನ್ನು ಬಿಟ್ಟುಕೊಡಲೇಬೇಕು.

ಅಂದು ಹಸ್ತಾಂತರವಾಗುವ ವಸ್ತುಗಳನ್ನು ಗಮನಿಸಿರಿ. ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ. ಖಡ್ಗವಿಲ್ಲ, ಕಿರೀಟವಿಲ್ಲ. ಬಡಿಸುವ ಸಟ್ಟುಗವೇ ಅಧಿಕಾರದ ಲಾಂಛನ. ಅದಕ್ಕೂ ಮೊದಲು, ದಂಡತೀರ್ಥದಲ್ಲಿ ಮಿಂದು ಮೆರವಣಿಗೆಯಲ್ಲಿ ಬರುವ ಭಾವೀ ಪರ್ಯಾಯ ಶ್ರೀಪಾದರು ರಥಬೀದಿಯಲ್ಲಿ ನಿಂತು ಕೃಷ್ಣದರ್ಶನ ಮಾಡುವುದು ಕನಕನ ಕಿಂಡಿಯ ಮೂಲಕ. ಸರ್ವಜ್ಞಪೀಠವನ್ನು ಏರಲಿರುವವರು, ಒಳಗೆ ಬರಲಾಗದೆ ಹೊರಗೆ ನಿಂತಿದ್ದ ಭಕ್ತನ ಸ್ಥಾನದಲ್ಲಿ ನಿಂತು ಸ್ವಾಮಿಯನ್ನು ನೋಡಿದ ಮೇಲೆಯೇ ಒಳಗೆ ಹೋಗುತ್ತಾರೆ. ಪರ್ಯಾಯವು ಪ್ರಜಾಪ್ರಭುತ್ವವೆಂದು ನಾವು ಹೇಳುವುದಿಲ್ಲ. ಅಲ್ಲಿ ಚುನಾವಣೆಯಿಲ್ಲ, ಎಂಟು ಮಠಗಳ ಹೊರಗಿನವರಿಗೆ ಸರದಿಯೂ ಇಲ್ಲ. ಆದರೆ ಅಧಿಕಾರವು ನ್ಯಾಸದಂತೆ ಕೈಗೆ ಬಂದುದು, ಅವಧಿಯುಳ್ಳದ್ದು, ಬಡಿಸುವುದಕ್ಕಾಗಿ ಇರುವುದು ಎಂಬ ತತ್ತ್ವವನ್ನು ಐದು ವರ್ಷಕ್ಕೆ ಆರಿಸಿಬಂದವರು ಇಲ್ಲಿಂದ ಕಲಿಯಬಹುದು.

ಭಕ್ತಿಗೆ ಪಾತ್ರರು ಯಾರು?

ಇಂದಿನ ಪ್ರಜಾಪ್ರಭುತ್ವಕ್ಕೆ ತಗಲಿರುವ ರೋಗವು ನಮ್ಮ ಸಿದ್ಧಾಂತದ ದೃಷ್ಟಿಯಲ್ಲಿಯೂ ಅಪರಾಧವೇ ಆಗಿದೆ. ಅದು ನಾಯಕಪೂಜೆ. ೧೯೪೯ರ ನವೆಂಬರ್ ೨೫ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾ. ಅಂಬೇಡ್ಕರ್ ಅವರು, ಧರ್ಮದಲ್ಲಿ ಭಕ್ತಿಯು ಆತ್ಮದ ಬಿಡುಗಡೆಗೆ ದಾರಿಯಾಗಬಹುದಾದರೂ ರಾಜಕೀಯದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿಯಾಗುವುದೆಂದು ಎಚ್ಚರಿಸಿದರು. ಅವರು ನಮ್ಮ ದರ್ಶನದ ಅನುಯಾಯಿಗಳಲ್ಲ; ನಮ್ಮ ಅನೇಕ ಆಚಾರಗಳನ್ನು ಕಟುವಾಗಿ ಖಂಡಿಸಿದವರು. ಆದರೂ ಈ ಮಾತಿಗೆ ಅತ್ಯಂತ ಸಂತೋಷದಿಂದ ತಲೆದೂಗಬೇಕಾದವರು ನಾವು.

ಏಕೆಂದರೆ ಆಚಾರ್ಯರು ಭಕ್ತಿಗೆ ಹೇಳಿದ ಲಕ್ಷಣವೇ ಮಾಹಾತ್ಮ್ಯಜ್ಞಾನಪೂರ್ವಕವಾದ, ಎಲ್ಲಕ್ಕಿಂತ ಮಿಗಿಲಾದ, ಅಲುಗಾಡದ ಸ್ನೇಹ. ಅಂತಹ ಸ್ನೇಹಕ್ಕೆ ಮುಖ್ಯವಿಷಯನಾಗಬೇಕಾದರೆ ಅವನು ಗುಣಪೂರ್ಣನೂ ನಿರ್ದೋಷನೂ ಆಗಿರಬೇಕು. ಅವನು ಶ್ರೀಹರಿ. ದೇವತೆಗಳಲ್ಲಿ, ಗುರುಗಳಲ್ಲಿ ನಮಗಿರುವ ಭಕ್ತಿಯೂ ಅವರಲ್ಲಿರುವ ಹರಿಯ ಸನ್ನಿಧಾನವನ್ನು ಅನುಸರಿಸಿದ್ದೇ. ಚುನಾವಣೆಯಲ್ಲಿ ಗೆದ್ದುಬಂದ ನಾಯಕನಿಗೆ ಗೌರವವಿರಲಿ, ಕೃತಜ್ಞತೆಯಿರಲಿ. ಜೊತೆಗೆ ಪರೀಕ್ಷೆಯೂ ಇರಲಿ. ಅವನ ಭಾವಚಿತ್ರಕ್ಕೆ ಕ್ಷೀರಾಭಿಷೇಕ ಮಾಡಿ ಮಂಗಳಾರತಿ ಎತ್ತುವುದು ಬೇಡ.

ಭಾಗವತದ ದಶಮಸ್ಕಂಧದಲ್ಲಿ ಪೌಂಡ್ರಕನೆಂಬ ರಾಜನ ಕಥೆಯಿದೆ. ಹೊಗಳುಭಟರು “ನೀನೇ ವಾಸುದೇವ” ಎಂದರು, ಅವನು ನಂಬಿದನು. ಕೃತಕವಾದ ಶಂಖಚಕ್ರಗಳನ್ನು ಧರಿಸಿ, ನಿಜವಾದ ವಾಸುದೇವನಿಗೇ “ನನ್ನ ಚಿಹ್ನೆಗಳನ್ನು ಬಿಟ್ಟುಬಿಡು” ಎಂದು ದೂತನನ್ನು ಕಳುಹಿಸಿದನು. ಅವನ ದೂತನ ಮಾತನ್ನು ಕೇಳಿ ದ್ವಾರಕೆಯ ಸಭೆಯು ನಕ್ಕಿತು. ಪೌಂಡ್ರಕನು ಕೆಟ್ಟದ್ದು ತನ್ನ ದೋಷದಿಂದ ಮಾತ್ರವಲ್ಲ, ನಗಬೇಕಾದಲ್ಲಿ ಹೊಗಳಿದ ತನ್ನ ಸಭೆಯ ದೋಷದಿಂದಲೂ ಹೌದು. ನಮ್ಮ ಕಾಲದಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ತುರ್ತುಪರಿಸ್ಥಿತಿಯ ಆ ವರ್ಷಗಳಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ದೇವಕಾಂತ ಬರೂವಾ ಅವರು ಇಂದಿರೆಯೂ ಇಂಡಿಯಾವೂ ಒಂದೇ ಎಂದು ಸಾರಿದ್ದರು. ವ್ಯಕ್ತಿಗೂ ರಾಷ್ಟ್ರಕ್ಕೂ ಅಭೇದವನ್ನು ಹೇಳುವ ಇಂತಹ ಐಕ್ಯವಾದವನ್ನು, ಯಾವ ಪಕ್ಷದವರು ಹೇಳಲಿ, ಭೇದವಾದಿಗಳು ಒಪ್ಪುವಂತಿಲ್ಲ. ೧೯೭೭ರ ಮಾರ್ಚಿಯಲ್ಲಿ ದೇಶದ ಮತದಾರರು ಆ ಸರ್ಕಾರವನ್ನು ಇಳಿಸಿದರು. ೧೯೭೮ರಲ್ಲಿ ನಮ್ಮ ಚಿಕ್ಕಮಗಳೂರಿನ ಮತದಾರರು ಅದೇ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳುಹಿಸಿದರು. ೧೯೮೦ರಲ್ಲಿ ಅವರು ಮತ್ತೆ ಪ್ರಧಾನಿಯಾದರು. ಇಳಿಸಿದ್ದೂ ಏರಿಸಿದ್ದೂ ಮತವೇ, ಕತ್ತಿಯಲ್ಲ. ಅಸ್ವತಂತ್ರನಾದ ಮನುಷ್ಯನ ಕೈಗೆ ಅಧಿಕಾರ ಕೊಡುವಾಗ ಹಿಂತೆಗೆದುಕೊಳ್ಳುವ ದಾರಿಯನ್ನೂ ಇಟ್ಟುಕೊಂಡಿರುವುದೇ ಈ ವ್ಯವಸ್ಥೆಯ ವಿವೇಕ.

ದೇವಾಲಯದ ಅಂಗಳದಲ್ಲಿ

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನು ನೋಡಿಕೊಳ್ಳದೆ ಲೇಖನ ಮುಗಿಸುವುದು ನ್ಯಾಯವಲ್ಲ. ಮೂಲ್ಕಿಯ ಶ್ರೀವೆಂಕಟರಮಣ ದೇವಾಲಯದ ಪ್ರಕರಣವನ್ನು ಹಿರಿಯರು ಬಲ್ಲರು. ಮದ್ರಾಸು ಪ್ರಾಂತದ ೧೯೪೭ರ ದೇವಾಲಯ ಪ್ರವೇಶ ಶಾಸನವು ತಮ್ಮ ದೇವಾಲಯಕ್ಕೆ ಅನ್ವಯಿಸದೆಂದು ಗೌಡ ಸಾರಸ್ವತ ಸಮಾಜದ ಧರ್ಮದರ್ಶಿಗಳು ದಾವೆ ಹೂಡಿದರು. ೧೯೫೬ರಲ್ಲಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಮೊಕದ್ದಮೆಯು ಮೈಸೂರು ಸರ್ಕಾರದ ವಿರುದ್ಧ ಮುಂದುವರಿಯಿತು. ೧೯೫೭ರಲ್ಲಿ ಸುಪ್ರೀಂ ಕೋರ್ಟು, ದೇವಾಲಯವು ಆ ಸಮಾಜದ್ದೆಂದು ಒಪ್ಪಿಯೂ, ಸರ್ವ ಹಿಂದೂಗಳಿಗೆ ಪ್ರವೇಶವುಂಟೆಂದು ತೀರ್ಪಿತ್ತಿತು. ಸಮಾಜಕ್ಕೇ ಸಲ್ಲುವ ಕೆಲವು ವಿಶೇಷ ಸೇವೆಗಳ ಸಂದರ್ಭವನ್ನು ಮಾತ್ರ ಅದಕ್ಕೆ ಉಳಿಸಿಕೊಟ್ಟಿತು.

ಕೋರ್ಟು ಬಾಗಿಲನ್ನು ತೆರೆಸಬಲ್ಲದು; ಮನಸ್ಸನ್ನು ತೆರೆಸಲಾರದು. ಆ ಕೆಲಸವನ್ನು ಸಿದ್ಧಾಂತವೇ ಮಾಡಬೇಕು. ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಆಚಾರ್ಯರು, ಅಧಿಕಾರಿಭೇದವನ್ನು ಹೇಳುವಾಗ, ಅಂತ್ಯಜರೇ ಆದರೂ ಭಕ್ತರಾದವರಿಗೆ ಭಗವನ್ನಾಮಜ್ಞಾನದಲ್ಲಿ ಅಧಿಕಾರವುಂಟೆಂಬ ಪ್ರಮಾಣವನ್ನು ಉದಾಹರಿಸಿದ್ದಾರೆ. ವೇದಾಧ್ಯಯನದ ಅಧಿಕಾರವನ್ನು ಅಲ್ಲಿ ಬೇರೆಯಾಗಿಯೇ ಇರಿಸಿದ್ದಾರೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಭಕ್ತಿಯ ಬಾಗಿಲನ್ನು ಯಾರಿಗೂ ಮುಚ್ಚಲಿಲ್ಲ. ಪೇಜಾವರ ಮಠದ ಶ್ರೀವಿಶ್ವೇಶತೀರ್ಥ ಶ್ರೀಪಾದರು (೧೯೩೧–೨೦೧೯) ದಲಿತರ ಕೇರಿಗಳಿಗೆ ಪಾದ ಬೆಳೆಸಿದಾಗ ನಮ್ಮವರಲ್ಲಿಯೇ ಕೆಲವರು ಹುಬ್ಬುಗಂಟಿಕ್ಕಿದರು. ಹಾಗೆ ಮಾಡಿದವರು ತಮಗೆ ತಾವೇ ಕೇಳಿಕೊಳ್ಳಬೇಕು: ನಾವು ಕಾಪಾಡಬಯಸಿದ್ದು ತಾರತಮ್ಯವನ್ನೋ, ನಮ್ಮ ಗೌರವವನ್ನೋ? ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಅಸಮಾನತೆ ಎಂಬ ವೈರುಧ್ಯದ ಬಾಳನ್ನು ನಾವು ಪ್ರವೇಶಿಸುತ್ತಿದ್ದೇವೆಂದು ಅಂಬೇಡ್ಕರರು ಅದೇ ಭಾಷಣದಲ್ಲಿ ಹೇಳಿದ್ದರು. ಅದಾಗಿ ಎಪ್ಪತ್ತೈದು ವರ್ಷಗಳು ಕಳೆದಿವೆ. ಆ ವೈರುಧ್ಯದಲ್ಲಿ ನಮ್ಮ ಪಾಲೆಷ್ಟೋ ಅಷ್ಟನ್ನು ನಾವು ತೀರಿಸಬೇಕಾಗಿದೆ.

ಆದುದರಿಂದ ನಾವು ತರುಣರಿಗೆ ಹೇಳಬೇಕಾದುದು ಇಷ್ಟು. ದೇವರ ಮನೆಯಲ್ಲಿ ತಾರತಮ್ಯವನ್ನು ಪೂರ್ಣಶ್ರದ್ಧೆಯಿಂದ ಅನುಸಂಧಾನ ಮಾಡಿರಿ, ಮೇಲಿರುವವರನ್ನು ಕಂಡು ತಲೆಬಾಗಲು. ಬೀದಿಗೆ ಬಂದಾಗ ಎದುರಿಗಿರುವವನ ಅಂತರ್ಯಾಮಿಯೂ ಅದೇ ಶ್ರೀಹರಿಯೆಂದು ನೆನೆದು ಯಾರನ್ನೂ ಕೀಳಾಗಿ ಕಾಣಬೇಡಿರಿ. ಮತವನ್ನು ಜಾತಿಗಾಗಿ, ಕಾಸಿಗಾಗಿ, ಭಯಕ್ಕಾಗಿ ಹಾಕದೆ ಭಗವದರ್ಪಣಬುದ್ಧಿಯಿಂದ ಹಾಕಿರಿ. ಅದೂ ಒಂದು ವಿಹಿತಕರ್ಮ. ಆರಿಸಿದವನನ್ನು ದೇವರೆಂದು ಭಾವಿಸದೆ, ಸಟ್ಟುಗ ಹಿಡಿದು ಎಲ್ಲರಿಗೂ ಸರಿಯಾಗಿ ಬಡಿಸುತ್ತಿರುವನೇ ಎಂದು ನೋಡಿರಿ. ಹರಿಯೊಬ್ಬನೇ ಸರ್ವೋತ್ತಮನೆಂದು ನಿಜವಾಗಿ ನಂಬಿದವನು ಮನುಷ್ಯರಲ್ಲಿ ಯಾರಿಗೂ ಗುಲಾಮನಾಗಲಾರನು, ಯಾರಿಗೂ ಒಡೆಯನೆಂದು ಮೆರೆಯಲಾರನು. ಇಂತಹ ಪ್ರಜೆಗಳು ಹೆಚ್ಚಿದಷ್ಟೂ ಪ್ರಜಾಪ್ರಭುತ್ವವು ಕ್ಷೇಮವಾಗಿರುತ್ತದೆ.

ಇಂತಹ ವಿವೇಕವನ್ನು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ನಮ್ಮೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥